‘ವಾರ್ ರಿಕ್ವಿಯಮ್’ ಕೃತಿಯಲ್ಲಿ ಅಬ್ರಹಾಮೋಪಾಖ್ಯಾನ

೧೯೪೦ನೆಯ ಇಸವಿ ನವೆಂಬರ್ ೧೪ರ ರಾತ್ರಿ ಜರ್ಮನ್ ವಿಮಾನಗಳ ಬಾಂಬುಗಳಿಂದ ಇಂಗ್ಲೆಂಡಿನ ಕವೆಂಟ್ರಿ ನಗರದ ಪ್ರಧಾನ ಕ್ರೈಸ್ತದೇವಾಲಯವು ದಗ್ಧವಾಯಿತು. ಆ ಭಗ್ನಾವಶೇಷದ ಪಕ್ಕದಲ್ಲಿಯೇ ಕಟ್ಟಲ್ಪಟ್ಟ ನೂತನ ದೇವಾಲಯದ ಪ್ರತಿಷ್ಠೋತ್ಸವಕ್ಕಾಗಿ ಬೆಂಜಮಿನ್ ಬ್ರಿಟ್ಟನ್ (೧೯೧೩–೧೯೭೬) ಎಂಬ ಸಂಗೀತಕರ್ತನು ರಚಿಸಿದ ‘ವಾರ್ ರಿಕ್ವಿಯಮ್’ ಎಂಬ ಮೇಳಗಾನಕೃತಿಯು ೧೯೬೨ನೆಯ ಮೇ ೩೦ರಂದು ಅಲ್ಲಿ ಪ್ರಥಮತಃ ಹಾಡಲ್ಪಟ್ಟಿತು. ರಿಕ್ವಿಯಮ್ ಎಂಬುದು ಮೃತರ ಸದ್ಗತಿಗಾಗಿ ರೋಮನ್ ಕ್ಯಾಥೊಲಿಕರಲ್ಲಿ ರೂಢವಾದ ಲ್ಯಾಟಿನ್ ಪೂಜಾಪಾಠ. ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರಗ್ರಹಣಕ್ಕೆ ಒಪ್ಪದಿದ್ದ ಬ್ರಿಟ್ಟನ್ನನು ಆ ಪಾಠದ ನಡುನಡುವೆ ವಿಲ್‌ಫ್ರೆಡ್ ಓವೆನ್ ಎಂಬ ಸೈನಿಕಕವಿಯ ಒಂಬತ್ತು ಇಂಗ್ಲಿಷ್ ಪದ್ಯಗಳನ್ನು ಸೇರಿಸಿದನು. ಓವೆನ್ನನಾದರೋ ಮೊದಲನೆಯ ಮಹಾಯುದ್ಧವು ನಿಲ್ಲುವುದಕ್ಕೆ ಒಂದೇ ವಾರ ಮುಂಚೆ, ೧೯೧೮ನೆಯ ನವೆಂಬರ್ ೪ರಂದು, ರಣದಲ್ಲಿ ಮಡಿದವನು.

ಈ ಪದ್ಯಗಳು ಮೂಲಪಾಠಕ್ಕೆ ಭಾಷ್ಯದಂತಿವೆ ಎನ್ನೋಣವೆ? ಎನ್ನಲಾಗದು. ಭಾಷ್ಯವು ಮೂಲವನ್ನು ಸಮರ್ಥಿಸುವುದು; ಇವು ಮೂಲವನ್ನೇ ಆಕ್ಷೇಪಿಸುತ್ತವೆ. ಸಮರ್ಪಣೆಯ ಭಾಗದಲ್ಲಿ ಮಹಾಮೇಳವು, ದೇವರು ಅಬ್ರಹಾಮನಿಗೂ ಆತನ ಸಂತತಿಗೂ ಕೊಟ್ಟ ವಾಗ್ದಾನವನ್ನು ನೆನೆದು ಹಾಡುವುದು. ಬೈಬಲಿನಲ್ಲಿ ದೇವದೂತನು ತಡೆಯಲು ಅಬ್ರಹಾಮನು ಮಗನನ್ನು ಬಿಟ್ಟು ಟಗರನ್ನು ಬಲಿಯಿತ್ತನಷ್ಟೆ. ಓವೆನ್ನನ ಪದ್ಯದಲ್ಲಿ ಮುದುಕನು ದೂತನ ಮಾತಿಗೆ ಕಿವಿಗೊಡದೆ ಮಗನನ್ನು ಕೊಲ್ಲುತ್ತಾನೆ. ಯೂರೋಪಿನ ಸಂತತಿಯ ಅರ್ಧಕ್ಕೂ ಅದೇ ಗತಿಯಾಗುತ್ತದೆ. ಇಬ್ಬರು ಗಾಯಕರು ಈ ಮಾತನ್ನು ಮರಳಿ ಮರಳಿ ಹಾಡುತ್ತಿರಲು, ದೂರದಲ್ಲಿ ಬಾಲಕರ ಮೇಳವು ದೇವರಿಗೆ ಬಲಿಯನ್ನು ಅರ್ಪಿಸುವ ಲ್ಯಾಟಿನ್ ವಾಕ್ಯಗಳನ್ನು ಹಾಡುತ್ತಿರುವುದು! ತರುವಾಯ ಮಹಾಮೇಳವು ಮೊದಲಿನ ವಾಗ್ದಾನವನ್ನೇ ಪಿಸುದನಿಯಲ್ಲಿ ಹಾಡುತ್ತದೆ.

ಐತರೇಯಬ್ರಾಹ್ಮಣದ ಶುನಃಶೇಪಾಖ್ಯಾನವನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಅಲ್ಲಿ ಅಜೀಗರ್ತನು ನೂರು ಗೋವುಗಳಿಗೆ ಮಗನನ್ನು ಮಾರಿ, ಇನ್ನೂ ನೂರಕ್ಕೆ ಯೂಪಕ್ಕೆ ಕಟ್ಟಿ, ಮತ್ತೂ ನೂರಕ್ಕೆ ಕತ್ತಿ ಹಿಡಿದು ಬಂದನು. ದೇವತಾಸ್ತುತಿಯಿಂದ ಬಿಡುಗಡೆಯಾದ ಬಾಲಕನು ತಿರುಗಿ ತಂದೆಯ ಬಳಿಗೆ ಹೋಗಲಿಲ್ಲ. ಓವೆನ್ನನ ಬಾಲಕನಿಗೆ ಆ ಭಾಗ್ಯವಿಲ್ಲ.

ಇನ್ನೊಂದು ಪಾಠವಿಶೇಷವನ್ನು ವಿದ್ವಾಂಸರು ಗಮನಿಸತಕ್ಕದ್ದು. ‘ದೇವರ ಕುರಿಮರಿ’ ಎಂಬ ಭಾಗದಲ್ಲಿ ಮೃತರ ಪೂಜೆಯ ಕ್ರಮದಂತೆ ‘ಅವರಿಗೆ’ ವಿಶ್ರಾಂತಿಯನ್ನು ಬೇಡಬೇಕು. ಮೇಳವು ಹಾಗೆಯೇ ಬೇಡುತ್ತದೆ. ಅಷ್ಟರ ಮೇಲೆ, ಅದುವರೆಗೆ ಇಂಗ್ಲಿಷನ್ನು ಮಾತ್ರ ಹಾಡುತ್ತಿದ್ದ ಗಾಯಕನೊಬ್ಬನು ಏಕಾಕಿಯಾಗಿ, ನಿತ್ಯಪೂಜೆಯ ಪಾಠದಿಂದ ತಂದ ಲ್ಯಾಟಿನ್ ಮಾತಿನಲ್ಲಿ, ‘ನಮಗೆ’ ಶಾಂತಿಯನ್ನು ಬೇಡುತ್ತಾನೆ.