ಮರದ ನೆಲ ಮತ್ತು ಒಂದು ಬಕೆಟ್ ನೀರು

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ತಗೊಂಡವರ ಆಸೆಗಳ ಪಟ್ಟಿಯಲ್ಲಿ ‘ಬೆಡ್‌ರೂಮಿಗೆ ವುಡನ್ ಫ್ಲೋರಿಂಗ್’ ಅನ್ನೋದೂ ಒಂದು. ಅಂಗಡಿಯವರು ಬಣ್ಣಗಳನ್ನು ತೋರಿಸ್ತಾರೆ, ಚದರಡಿಗೆ ಎಷ್ಟು ಅಂತ ಹೇಳ್ತಾರೆ. ಆದರೆ ಮೊದಲು ಯೋಚಿಸಬೇಕಾದ್ದು ಬಣ್ಣದ ಬಗ್ಗೆ ಅಲ್ಲ, ನೀರಿನ ಬಗ್ಗೆ. ಮರದ ನೆಲದ ಇತಿಹಾಸ ಅಂದ್ರೆ ನೀರಿನ ಜೊತೆ ನಡೆದ ಜಗಳದ ಇತಿಹಾಸ.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯನ್ನೇ ನೋಡಿ. ಅಲ್ಲಿ ಮೊದಲಿದ್ದದ್ದು ಅಮೃತಶಿಲೆಯ ನೆಲ. ಅದನ್ನು ತೊಳೆದ ನೀರು ಸಂದಿಗಳಲ್ಲಿ ಇಳಿದು, ಕೆಳಗೆ ಭಾರ ಹೊತ್ತಿದ್ದ ಮರದ ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಕಲ್ಲು ತೆಗೆದು ಮರದ ಪಾರ್ಕೆ ಹಾಕಿಸಿದರು. ನಾವು ಇವತ್ತು ರಾಜವೈಭವ ಅಂದುಕೊಂಡಿರೋ ಆ ನೆಲ ಅಲ್ಲಿಗೆ ಬಂದದ್ದು ರಿಪೇರಿಗಾಗಿ!

ಬಡಗಿಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಕಡಿದ ಮೇಲೂ ಮರ ಸುಮ್ಮನಿರಲ್ಲ. ಗಾಳಿಯ ತೇವ ಹೀರಿ ಅಗಲಕ್ಕೆ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಉದ್ದದಲ್ಲಿ ಮಾತ್ರ ಹೆಚ್ಚೇನೂ ಬದಲಾಗಲ್ಲ. ಅದಕ್ಕೇ ವರ್ಸೇಲ್ಸ್ ಪಾರ್ಕೆಯಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಚೌಕಟ್ಟಿನೊಳಗೆ ಕೀಲು ಹಾಕಿ ಕೂಡಿಸಿದ್ದಾರೆ.

ಇದು ಸಾಮಾನ್ಯರ ಮನೆಗೆ ಬಂದದ್ದು ಯಂತ್ರದಿಂದ. 1885ರ ಹೊತ್ತಿಗೆ ಅಮೆರಿಕದಲ್ಲಿ ಹಲಗೆಯ ಒಂದು ಅಂಚಿಗೆ ನಾಲಗೆ, ಇನ್ನೊಂದು ಅಂಚಿಗೆ ಅದು ಕೂರುವ ಗಾಡಿ ಕೊರೆಯುವ ಯಂತ್ರ ಬಳಕೆಗೆ ಬಂತು. ಮೊಳೆ ನಾಲಗೆಯಲ್ಲೇ ಅಡಗಿತು, ಹಲಗೆ ಸ್ವಲ್ಪ ಹಿಗ್ಗಿ ಕುಗ್ಗಿದರೂ ಜೋಡಣೆ ಬಿಡಲಿಲ್ಲ. ಆಮೇಲೆ ತೆಳು ಪದರಗಳನ್ನು ಅಡ್ಡ-ಉದ್ದ ಅಂಟಿಸಿದ ‘ಎಂಜಿನಿಯರ್ಡ್’ ಹಲಗೆ ಬಂತು. ಇಲ್ಲಿ ಒಂದು ಪದರದ ಹಟವನ್ನು ಇನ್ನೊಂದು ಪದರ ತಡೆಯುತ್ತೆ.

1977ರಲ್ಲಿ ಸ್ವೀಡನ್ನಿನ ಪೆರ್‌ಸ್ಟಾರ್ಪ್ ಕಂಪನಿ ಲ್ಯಾಮಿನೇಟ್ ನೆಲವನ್ನು ಕಂಡುಹಿಡಿಯಿತು. ಒಳಗೆ ಮರದ ನಾರು ಒತ್ತಿ ಮಾಡಿದ ಬೋರ್ಡು, ಅದರ ಮೇಲೆ ಮರದ ಫೋಟೋ, ಅದಕ್ಕೊಂದು ಗಟ್ಟಿ ಪಾರದರ್ಶಕ ಪದರ. ಇವತ್ತು ‘ವುಡನ್’ ಹೆಸರಲ್ಲಿ ಮಾರೋದರಲ್ಲಿ ಇದೂ ಸೇರಿದೆ. ಬೆಲೆ ಕಮ್ಮಿ, ಗೀರು ಬೇಗ ಬೀಳಲ್ಲ. ಆದರೆ ಗಟ್ಟಿಮರದ ಹಲಗೆಯನ್ನು ಹತ್ತಾರು ವರ್ಷದ ಮೇಲೂ ಉಜ್ಜಿ ಪಾಲಿಶ್ ಮಾಡಿ ಹೊಸದು ಮಾಡಬಹುದು, ಫೋಟೋವನ್ನು ಉಜ್ಜೋಕಾಗುತ್ತಾ?

ನಮ್ಮವರಿಗೂ ಈ ಲೆಕ್ಕ ಗೊತ್ತಿತ್ತು. ಮಲೆನಾಡಿನ ಹಳೇ ಮನೆಗಳಲ್ಲಿ ಮರದ ಹಲಗೆ ಇರ್ತಿದ್ದದ್ದು ಉಪ್ಪರಿಗೆಯಲ್ಲಿ. ಕೆಳಗಡೆ ಸಗಣಿ ಸಾರಿಸಿದ ಮಣ್ಣಿನ ನೆಲ. ತೇವ, ಗೆದ್ದಲು ಎರಡೂ ಏಳೋದು ನೆಲದಿಂದ ತಾನೆ?

ನಾವೀಗ ಅದೇ ಮರವನ್ನು ಕಾಂಕ್ರೀಟ್ ಮೇಲೆ ಹಾಸಿ, ದಿನಾ ಬೆಳಿಗ್ಗೆ ಬಕೆಟ್ ತುಂಬ ನೀರಿಟ್ಟುಕೊಂಡು ಒರೆಸ್ತೀವಿ. ಅಡ್ವಾನ್ಸ್ ಕೊಡೋ ಮೊದಲು ನಾಲ್ಕು ವಿಷಯ ಕೇಳಿ: ಇದು ಗಟ್ಟಿಮರವೋ, ಎಂಜಿನಿಯರ್ಡೋ, ಲ್ಯಾಮಿನೇಟೋ? ಕಾಂಕ್ರೀಟಿನ ತೇವ ಅಳೀತೀರಾ? ಹಾಸೋ ಮೊದಲು ಹಲಗೆಗಳನ್ನು ಕೆಲವು ದಿನ ಅದೇ ಕೋಣೆಯಲ್ಲಿ ಇಡ್ತೀರಾ? ಗೋಡೆಯಂಚಿನಲ್ಲಿ ಮರ ಹಿಗ್ಗೋಕೆ ಸುಮಾರು 10 ಮಿ.ಮೀ. ಜಾಗ ಬಿಡ್ತೀರಾ?

ಆಮೇಲೆ, ಮನೆಯಲ್ಲಿ ನೆಲ ಒರೆಸೋದು ಯಾರೇ ಆಗಿರಲಿ, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಬೇಕು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ವರ್ಸೇಲ್ಸ್‌ನಲ್ಲಿ ತೊಲೆಗಳನ್ನು ಕೊಳೆಸಿದ್ದು ಯುದ್ಧವೂ ಅಲ್ಲ, ಬೆಂಕಿಯೂ ಅಲ್ಲ, ದಿನಾ ನೆಲ ತೊಳೆದ ನೀರು.