ಮೊಂತಿ ಫೆಸ್ತ್, ಕುರಲ್ ಪರ್ಬ: ಮನೆಗೆ ತೆನೆ ತರುವ ದಿನಗಳು

ಮಂಗಳೂರು: ಕನ್ಯಾ ಮರಿಯಮ್ಮನವರ ಜನ್ಮದಿನ, ಸೆಪ್ಟೆಂಬರ್ 8, ಕರಾವಳಿಯ ಕೊಂಕಣಿ ಕೆಥೊಲಿಕರಿಗೆ ಮೊಂತಿ ಫೆಸ್ತ್. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಬಲಿಪೂಜೆಯಲ್ಲಿ ಆಶೀರ್ವದಿಸಿದ ತೆನೆ ಮನೆಮನೆಗೆ ಬರುತ್ತದೆ. ಹಿರಿಯರು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಹಂಚಿದ ಮೇಲೇ ಊಟ. ಅಂದು ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥ ಮೂರು, ಐದು, ಏಳು ಹೀಗೆ ಬೆಸ ಲೆಕ್ಕದಲ್ಲೇ ಇರಬೇಕು. ಕೆಸುವಿನ ದಂಟು, ಅಂಬಟೆಯ ಪದಾರ್ಥವಂತೂ ತಪ್ಪುವ ಹಾಗಿಲ್ಲ. ಹಿಂದಿನ ದಿನ ತರಕಾರಿ ಅಂಗಡಿಯವರಿಗೆ ಪುರ್ಸೊತ್ತೇ ಇರುವುದಿಲ್ಲ.

ತುಳುವರ ಕುರಲ್ ಪರ್ಬವೂ ತೆನೆಯದ್ದೇ, ದಿನ ಮಾತ್ರ ಬೇರೆ. ಕೆಲವರಿಗೆ ಚೌತಿ, ಕೆಲವರಿಗೆ ನವರಾತ್ರಿ. ಮಾವು, ಹಲಸು, ಅಶ್ವತ್ಥದ ಎಲೆ ಸೇರಿಸಿ ತೆನೆಯನ್ನು ಬಾಗಿಲು, ತುಳಸಿಕಟ್ಟೆ, ವಾಹನಕ್ಕೆ ಕಟ್ಟುತ್ತಾರೆ. ಅಂಗಡಿಯ ಕ್ಯಾಶ್ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಹೊಸ ಅಕ್ಕಿ ಊಟ, ಅಂದರೆ ಪುದ್ವಾರ್, ಆಮೇಲೆ ಮನೆಯವರೆಲ್ಲ ಸೇರುವ ದಿನ ನೋಡಿ.

ಕಷ್ಟ ಇರುವುದು ತೆನೆಗೇ. ಮೊದಲು ಮನೆ ಎದುರಿನ ಗದ್ದೆಯಿಂದ ಕೊಯ್ದು ತಂದರೆ ಆಯ್ತು. ಈಗ ನಗರದಲ್ಲಿ ಗದ್ದೆ ಎಲ್ಲುಂಟು? ಹೊರಗಿನಿಂದ ತರಿಸಿ ಚರ್ಚ್, ದೇವಸ್ಥಾನಗಳಲ್ಲಿ ಹಂಚಿದ್ದೇ ಫ್ಲ್ಯಾಟಿನವರಿಗೆ ತೆನೆ. ಅದರಲ್ಲೂ ನಾಲ್ಕು ಕಾಳು ತೆಗೆದಿಟ್ಟು, ಗಲ್ಫಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಹಾಕಿ ಕಳಿಸುವ ಅಮ್ಮಂದಿರಿದ್ದಾರೆ.