ಅಟ್ಯಾಚ್‌ಮೆಂಟ್ ಒಳಗೆ ಕೂತು ಬಂದ ಕನ್ನಡ 📎

ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಸ್ಕಾಲರ್‌ಶಿಪ್‌ಗೆ ಮೇಲ್ ಮಾಡ್ತೀರಲ್ಲ, ಆ ಪಿನ್ನಿನ ಗುರುತು ಒತ್ತಿದ ಮೇಲೆ ನಿಮ್ಮ ಫೋಟೋ ಏನಾಗುತ್ತೆ ಗೊತ್ತಾ? ಅದು ಅಕ್ಷರಗಳ ಸಾಲಾಗಿ ಬದಲಾಗಿ ಹೋಗುತ್ತೆ. ಈ ಕಥೆಗೂ ನಮ್ಮ ಕನ್ನಡಕ್ಕೂ ಹಳೇ ನಂಟಿದೆ. ಪೂರ್ತಿ ಓದ್ರಪ್ಪಾ.

1/5 👉 ಇಂಗ್ಲಿಷ್ ಮಾತ್ರ ಓಡಾಡೋ ರಸ್ತೆ
1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ನೆಟ್‌ವರ್ಕ್ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದರು. 1982ರಲ್ಲಿ ಮೇಲ್ ಸಾಗಿಸುವ ನಿಯಮ ಎಸ್‌ಎಂಟಿಪಿ ಬಂತು. ಆದರೆ ಆ ದಾರಿಯಲ್ಲಿ ಹೋಗಬಹುದಾಗಿದ್ದು 128 ಸಂಕೇತ ಮಾತ್ರ: ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಕಾಮಾ, ಇಂಥವು. ಫೋಟೋಗೆ ಜಾಗ ಇಲ್ಲ. ‘ಮದ್ದೂರು’ ಅಂತ ಕನ್ನಡದಲ್ಲಿ ಬರೆಯೋಕೂ ಜಾಗ ಇಲ್ಲ!

2/5 👉 ನಾಲ್ವರು ಹಾಡುಗಾರರ ಫೋಟೋ
ನೇಥನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಇದಕ್ಕೆ ದಾರಿ ಹುಡುಕಿದರು. ಅದರ ಹೆಸರು ‘ಮೈಮ್’. 11 ಮಾರ್ಚ್ 1992ರಂದು ಬೋರೆನ್‌ಸ್ಟೀನ್ ತಾವೂ ಇದ್ದ ನಾಲ್ವರ ಹಾಡಿನ ತಂಡದ ಫೋಟೋ, ಜೊತೆಗೆ ಅವರ ಹಾಡು, ಎರಡನ್ನೂ ಮೇಲ್‌ನಲ್ಲಿ ಕಳಿಸಿದರು.

ಉಪಾಯ ಸರಳ. ಫೈಲಿನ ಮೂರು ಮೂರು ಬೈಟ್ ತಗೊಂಡು, ನಾಲ್ಕು ನಾಲ್ಕು ಅಕ್ಷರ ಮಾಡೋದು. ‘ಇದು ಫೋಟೋ’, ‘ಇದು ಹಾಡು’, ‘ಇದು ಇಂಥ ಲಿಪಿಯ ಬರಹ’ ಅಂತ ಚೀಟಿ ಅಂಟಿಸೋದು. ಆ ಕಡೆ ಕಂಪ್ಯೂಟರ್ ಚೀಟಿ ನೋಡಿ ಬಿಚ್ಚುತ್ತೆ. ಮೂರು ನಾಲ್ಕಾಗೋದ್ರಿಂದ ನಿಮ್ಮ 12 ಎಂಬಿ ಫೈಲ್ ದಾರಿಯಲ್ಲಿ ಸುಮಾರು 16 ಎಂಬಿ ಆಗಿರುತ್ತೆ!

3/5 👉 ಮಂಡ್ಯದಲ್ಲಿ ಟೈಪ್, ಅಲ್ಲಿ ಕಲಸುಮೇಲೋಗರ
15 ಆಗಸ್ಟ್ 1995ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರುಮಾಡ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಇವುಗಳಲ್ಲೇ.

ಒಂದೇ ತೊಂದರೆ. ಆ ಹಳೇ ಫಾಂಟ್‌ಗಳಲ್ಲಿ ಒಳಗೆ ಇದ್ದದ್ದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ರೂಪ. ಮಂಡ್ಯದಿಂದ ಕಳಿಸಿದ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಅದಕ್ಕೇ ಫೈಲಿನ ಜೊತೆ ಫಾಂಟನ್ನೂ ಅಟ್ಯಾಚ್ ಮಾಡ್ಬೇಕಿತ್ತು, ಇಲ್ಲಾಂದ್ರೆ ಪಿಡಿಎಫ್ ಮಾಡ್ಬೇಕಿತ್ತು, ಇಲ್ಲಾ ಚಿತ್ರವಾಗಿ ಕಳಿಸಬೇಕಿತ್ತು. ಅಂದ್ರೆ ಕನ್ನಡ ಕಾಗದದಲ್ಲಿ ಹೋಗ್ತಿರಲಿಲ್ಲ, ಕಾಗದಕ್ಕೆ ಕಟ್ಟಿದ ಗಂಟಾಗಿ ಹೋಗ್ತಿತ್ತು.

4/5 👉 ಮೂರೂರಿಗೂ ಒಂದೇ ‘ಮ’
1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳು ಸಿಕ್ಕಿದ್ದವು. ಬಳಕೆಗೆ ಬರೋಕೆ ವರ್ಷಗಳೇ ಹಿಡಿದವು. ಮಂಡ್ಯ, ಮದ್ದೂರು, ಮಳವಳ್ಳಿಗೆಲ್ಲ ಮೊದಲಕ್ಷರವಾದ ‘ಮ’ ಇವತ್ತು ಯುಟಿಎಫ್-8ರಲ್ಲಿ ಸರಿಯಾಗಿ ಮೂರು ಬೈಟ್. ಮೈಮ್ ಲೆಕ್ಕದಲ್ಲಿ ನಾಲ್ಕು ಗುರುತು: ಅಂಕಿ 4, ದೊಡ್ಡ ಎಲ್, ದೊಡ್ಡ ಕೆ, ಸಣ್ಣ ಯು. ಫೋಟೋ ಸಾಗಿಸಿದ ಉಪಾಯವೇ ನಮ್ಮ ಅಕ್ಷರವನ್ನೂ ಸಾಗಿಸಬಲ್ಲದು. ಚೆಂದ ಅಲ್ವಾ?

5/5 👉 ಈಗ ನಿಮ್ಮ ಕೆಲಸ
ಮನೇಲಿ ಚಿಕ್ಕಪ್ಪನ ಹಳೇ ಮೇಲ್, ಧೂಳು ಹಿಡಿದ ಸಿಡಿ, ಡಿಟಿಪಿ ಅಂಗಡಿಯ ಹಾರ್ಡ್‌ಡಿಸ್ಕ್, ಇವುಗಳಲ್ಲಿ ಊರಹಬ್ಬದ ಕರಪತ್ರ, ಶಾಲೆ ಸಂಚಿಕೆ, ಯಾರೋ ಬರೆದ ಊರಿನ ಚರಿತ್ರೆ ಇರಬಹುದು. ತೆಗೆದಾಗ ಗೀಚು ಕಂಡರೆ ‘ಕೆಟ್ಟೋಗಿದೆ’ ಅಂತ ಡಿಲೀಟ್ ಮಾಡ್ಬೇಡಿ. ಅದು ಕನ್ನಡವೇ ಇರಬಹುದು. ನುಡಿ, ಬರಹದ ಬರವಣಿಗೆಯನ್ನ ಯುನಿಕೋಡ್‌ಗೆ ಬದಲಿಸೋ ಸಲಕರಣೆಗಳಿವೆ. ಬದಲಿಸಿ, ಮೂಲ ಫೈಲನ್ನೂ ಇಟ್ಕೊಳ್ಳಿ, ಒಂದು ಪ್ರತಿ ನಿಮಗೇ ಮೇಲ್ ಮಾಡ್ಕೊಳ್ಳಿ.

ನಿಮ್ಮನೇಲಿರೋ ಅತಿ ಹಳೇ ಕನ್ನಡ ಫೈಲ್ ಯಾವುದು? ಹುಡುಕಿ, ಹೇಳಿ 👇

#ಮಂಡ್ಯ #ಮದ್ದೂರು #ಮಳವಳ್ಳಿ #ಕನ್ನಡ #ಇತಿಹಾಸ